ನೆತ್ತಿಯ ಮೇಲೆ ಹದಿನಾಲ್ಕು ಬಕೆಟ್ ನೀರು

ನಮ್ಮ ಕನ್ನಡ ಬಳಗದ ಅಧ್ಯಕ್ಷೆ ಶ್ರೀಮತಿ ಜಲಜಾ ಅವರೇ. ಕಾರವಾರದಲ್ಲಿ ಹುಟ್ಟಿ, ಕಡಲಜೀವಿಗಳ ಹಿಂದೆ ಅಲೆದು, ಈಗ ಕೊಚ್ಚಿಯವರೇ ಆಗಿಹೋಗಿರುವ ಮುಖ್ಯ ಅತಿಥಿ ಡಾಕ್ಟರ್ ನಿರ್ಮಲ ಅವರೇ. ನಮ್ಮ ಕಾರ್ಯದರ್ಶಿ ಚಿರಂಜೀವಿ ವಿಶ್ವಾಸ್ ಅವರೇ. ಭಾನುವಾರದ ನಿದ್ದೆ ಬಿಟ್ಟು, ವೈಟ್ಟಿಲದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಕಳೆದು ಈ ಸಭಾಂಗಣ ತಲುಪಿರುವ ತಾಯಂದಿರೇ, ಮಹನೀಯರೇ. ಬಿಸಿಬೇಳೆಬಾತಿನ ವಾಸನೆ ಬರುವ ಬಾಗಿಲ ಪಕ್ಕವೇ ಬೇಕೆಂದು ಹುಡುಕಿ ಕುಳಿತಿರುವ ಸಭಿಕರೇ, ನಿಮ್ಮೆಲ್ಲರ ಎದುರು ನಿಲ್ಲುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯವೋ ಅಲ್ಲವೋ, ಇನ್ನು ಇಪ್ಪತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಶಾಲು ಹೊದಿಸಿದಿರಿ. ಪೇಟ ತೊಡಿಸಿದಿರಿ. ಹಣ್ಣಿನ ಬುಟ್ಟಿ ಕೊಟ್ಟಿರಿ. ಕೈಯಲ್ಲಿ ಈ ಸ್ಮರಣಿಕೆ ಇಟ್ಟಿರಿ. ಇದು ಡಾಲ್ಫಿನ್ ಎಂದು ಕೆಳಗೆ ಬರೆದಿದೆ, ಆದ್ದರಿಂದ ನಂಬಬೇಕು. ಆದರೆ ಡಾಕ್ಟರ್ ನಿರ್ಮಲ ಅವರು ಇದನ್ನು ನೋಡಿದ ಕೂಡಲೇ ಮುಖ ಆ ಕಡೆ ತಿರುಗಿಸಿ ನಕ್ಕಿದ್ದನ್ನು ನಾನು ಕಂಡೆ. ಯಾಕೆಂದರೆ ಇದರ ಬಾಲ ನೆಟ್ಟಗೆ ನಿಂತಿದೆ. ಮೀನಿನ ಬಾಲ ಹೀಗೆ ನಿಂತಿರುತ್ತದೆ, ಎಡಕ್ಕೆ ಬಲಕ್ಕೆ ಬೀಸುತ್ತದೆ. ಡಾಲ್ಫಿನ್ನಿನ ಬಾಲ ನೆಲಕ್ಕೆ ಮಲಗಿದಂತೆ ಇರುತ್ತದೆ, ಮೇಲಕ್ಕೆ ಕೆಳಕ್ಕೆ ಬಡಿಯುತ್ತದೆ. ಇದನ್ನು ಮಾಡಿದವರು ಒಳ್ಳೆಯ ಮೀನನ್ನೇ ಮಾಡಿದ್ದಾರೆ. ತಪ್ಪು ಹುಡುಕುವ ಹಕ್ಕು ನನಗಿಲ್ಲ. ಮೂರು ತಿಂಗಳ ಹಿಂದೆ ನನಗೂ ಇದು ಗೊತ್ತಿರಲಿಲ್ಲ.

ನಾನು ತಿಪಟೂರಿನವನು. ಇಪ್ಪತ್ತಾರು ವರ್ಷ ತುಂಬುವವರೆಗೆ ಸಮುದ್ರ ಕಂಡವನಲ್ಲ. ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ ಕೊಚ್ಚಿ ಪಕ್ಕದ ಕಳಮಶ್ಶೇರಿಗೆ ಬಂದೆ. ಇಪ್ಪತ್ತೊಂಬತ್ತು ವರ್ಷ ದಾಸ್ತಾನು ವಿಭಾಗದಲ್ಲಿದ್ದು ಸ್ವಯಂ ನಿವೃತ್ತಿ ತೆಗೆದುಕೊಂಡೆ. ನನ್ನ ಸಹಿ ಇಲ್ಲದೆ ನಮ್ಮ ಕಚೇರಿಯಲ್ಲಿ ಒಂದು ಟ್ಯೂಬ್‌ಲೈಟೂ ಹೊರಗೆ ಹೋಗುತ್ತಿರಲಿಲ್ಲ. ಅಂಥ ಮನುಷ್ಯನನ್ನು ಕರೆದು, "ರಾಮದಾಸರೇ, ಡಾಲ್ಫಿನ್ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಿ" ಎಂದರೆ ಹೇಗೆ? ಜಲಜಾ ಮೇಡಂ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಂದ ಪ್ರಶ್ನೆ ಸಂಗ್ರಹಿಸಿ ಪಟ್ಟಿ ಮಾಡಿ ಕೊಟ್ಟಿದ್ದಾರೆ. ಹನ್ನೊಂದು ಪ್ರಶ್ನೆಗಳಿವೆ. ಉತ್ತರ ತಿಳಿಯಲು ನಾನು ಡಾಕ್ಟರ್ ನಿರ್ಮಲ ಅವರ ಕಚೇರಿಗೆ ಮೂರು ಬಾರಿ ಹೋದೆ. ಮೊದಲ ಬಾರಿ ಹೋದಾಗ ನನಗೆ ಕಡಿಮೆ ಗೊಂದಲವಿತ್ತು.

ಮೊದಲ ಪ್ರಶ್ನೆ, ಡಾಲ್ಫಿನ್ ಮೀನೇ? ಅಲ್ಲ. ಅದು ಹಾಲು ಕುಡಿಸುವ ಪ್ರಾಣಿ. ಸುಮಾರು ಒಂದು ವರ್ಷದ ತನಕ ಹೊಟ್ಟೆಯಲ್ಲಿಟ್ಟುಕೊಂಡು ಒಂದೇ ಒಂದು ಮರಿ ಹಾಕುತ್ತದೆ, ನೀರಿನೊಳಗೇ ಹಾಲೂಡಿಸುತ್ತದೆ. ಮೈ ಬಿಸಿ. ನಮ್ಮ ಹಾಗೆ ಶ್ವಾಸಕೋಶ. ಹುಟ್ಟಿದ ಮರಿಯನ್ನು ತಾಯಿ ಮೊದಲು ನೀರಿನ ಮೇಲಕ್ಕೆ ತಳ್ಳುತ್ತದೆ, ಉಸಿರಿಗೆ.

ಎರಡನೆಯದು, ಹಾಗಾದರೆ ಅದು ಉಸಿರಾಡುವುದು ಎಲ್ಲಿಂದ? ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ. ದಯವಿಟ್ಟು ಆಮೇಲೆ ಬರಲು ಬಿಡಿ.

ಡಾಲ್ಫಿನ್ ನಿದ್ದೆ ಮಾಡುತ್ತದೆಯೇ ಎಂದು ಕೇಳಿದ್ದಾರೆ. ಮಾಡುತ್ತದೆ, ಆದರೆ ಮೆದುಳಿನ ಒಂದು ಅರ್ಧ ಮಾತ್ರ ಮಲಗುತ್ತದೆ. ಇನ್ನೊಂದು ಅರ್ಧ ಎಚ್ಚರವಾಗಿದ್ದು ಮೇಲಕ್ಕೆ ಬಂದು ಉಸಿರೆಳೆದುಕೊಳ್ಳಲು ನೆನಪಿಸುತ್ತದೆ. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು ಇರುತ್ತದೆ. ಸರ್ಕಾರಿ ಕಚೇರಿಯಲ್ಲಿ ಮಧ್ಯಾಹ್ನ ಎರಡೂವರೆಗೆ ಇದನ್ನು ನಾವೂ ಸಾಧಿಸಿದ್ದೆವು. ನಗಬೇಡಿ, ನಿಮ್ಮಲ್ಲಿ ಬ್ಯಾಂಕಿನವರೂ ಇದ್ದಾರೆ.

ಡಾಲ್ಫಿನ್ ಯಾಕೆ ಯಾವಾಗಲೂ ನಗುತ್ತಿರುತ್ತದೆ? ಇದು ಒಳ್ಳೆಯ ಪ್ರಶ್ನೆ. ಅದು ನಗುತ್ತಿಲ್ಲ. ಅದರ ದವಡೆಯ ರಚನೆಯೇ ಹಾಗೆ. ಖುಷಿಯಲ್ಲಿದ್ದರೂ ಅದೇ ಮುಖ, ಸಾಯುತ್ತಿದ್ದರೂ ಅದೇ ಮುಖ. ನಾನು ಅಷ್ಟು ಹತ್ತಿರದಿಂದ ಆ ಮುಖ ನೋಡಿದವನು. ಅದು ನನ್ನನ್ನು ನೋಡಿ ನಗುತ್ತಿದೆ, ನಾನು ಮಾಡುತ್ತಿರುವುದು ಅದಕ್ಕೆ ಹಿತವಾಗಿದೆ ಎಂದೇ ಅಂದುಕೊಂಡಿದ್ದೆ.

ಆ ದಿನದ ವಿಷಯಕ್ಕೆ ಬರುತ್ತೇನೆ. ಬಾರದೆ ಗತಿಯಿಲ್ಲ. ವಿಶ್ವಾಸ್ ಅವರು ನನ್ನ ಪರಿಚಯ ಮಾಡುತ್ತಾ ಹೇಳಿದ ಮಾತು ನೀವೆಲ್ಲ ಕೇಳಿದಿರಿ: "ಚೂರಿ ಹಿಡಿದು ಮುತ್ತಿದ ಜನರ ನಡುವೆ ನುಗ್ಗಿ, ಮೂಕಪ್ರಾಣಿಯ ಜೀವ ಉಳಿಸಿದ ಹಿರಿಯ ಕನ್ನಡಿಗ." ನೀವು ಚಪ್ಪಾಳೆ ತಟ್ಟಿದಿರಿ. ಜೋರಾಗಿಯೇ ತಟ್ಟಿದಿರಿ. ನಾನೂ ತಲೆ ಬಾಗಿಸಿದೆ. ಆ ತಲೆ ಯಾಕೆ ಬಾಗಿತು ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.

ಕಳೆದ ಡಿಸೆಂಬರಿನ ಮೂರನೇ ಶನಿವಾರ. ನಮ್ಮ ಬಳಗದ ನಲವತ್ತೆರಡು ಜನ ಬಸ್ಸು ಮಾಡಿಕೊಂಡು ತಿರುವನಂತಪುರಕ್ಕೆ ಹೋಗಿದ್ದೆವು. ಬೆಳಗಿನ ಏಳೂವರೆಗೆ ಊರ ಹೊರಗಿನ ಒಂದು ಕಡಲತೀರಕ್ಕೆ ಹೋದೆವು. ತಿಂಡಿ ಡಬ್ಬಿಗಳಲ್ಲಿತ್ತು, ನನ್ನ ಹೆಂಡತಿ ಮೋಹಿನಿ ಕೈಯಲ್ಲಿ ಚಟ್ನಿಪುಡಿಯ ಬಾಟಲಿ ಇತ್ತು. ಅಲ್ಲಿ ಮೀನುಗಾರರು ದಡದಲ್ಲಿ ನಿಂತು ದೊಡ್ಡ ಬಲೆ ಎಳೆಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ರಂಪಣಿ ಎನ್ನುವಂಥದ್ದು. ಅಲ್ಲಿ ಕಂಬವಲ ಎನ್ನುತ್ತಾರೆ. ಬಲೆ ಮರಳಿಗೆ ಬಂತು. ಬಲೆಯೊಳಗೆ ಮೀನಿನ ರಾಶಿ, ರಾಶಿಯ ನಡುವೆ ಬೂದುಬಣ್ಣದ ಒಂದು ದೊಡ್ಡ ಪ್ರಾಣಿ. ಎಲ್ಲರೂ ಓಡಿದೆವು. ನಾನು ತಲುಪುವ ಹೊತ್ತಿಗೆ ಒಬ್ಬ ಮನುಷ್ಯ, ತಲೆಗೆ ತೋರ್ತು ಟವೆಲು ಸುತ್ತಿದವನು, ಅದರ ಕುತ್ತಿಗೆಯ ಹತ್ತಿರ ಮೊಣಕಾಲೂರಿ ಕುಳಿತಿದ್ದ. ಕೈಯಲ್ಲಿ ಚೂರಿ.

ನಾನು ಏನು ಯೋಚಿಸಿದೆ? ನೀವೂ ಅದನ್ನೇ ಯೋಚಿಸುತ್ತಿದ್ದಿರಿ. ಕೊಯ್ಯುತ್ತಾನೆ ಎಂದುಕೊಂಡೆ. ಕೂಗಿದೆ. ಜೀವಮಾನದಲ್ಲಿ ಅಷ್ಟು ಜೋರಾಗಿ ನಾನು ಕೂಗಿರಲಿಲ್ಲ. ಪಕ್ಕದಲ್ಲಿ ಅವರದೇ ಒಂದು ಕೆಂಪು ಬಕೆಟ್ ಇತ್ತು. ತೆಗೆದುಕೊಂಡೆ, ಅಲೆಗೆ ಓಡಿದೆ, ತುಂಬಿಸಿದೆ, ತಂದು ಹೊಯ್ದೆ. ಮೀನಿಗೆ ನೀರು ಬೇಕು, ಇದಕ್ಕಿಂತ ದೊಡ್ಡ ಸತ್ಯ ಇದೆಯೇ? ಎಲ್ಲಿಗೆ ಹೊಯ್ದೆ? ನೆತ್ತಿಗೆ. ನಾವು ಮಗುವಿಗೆ ಎರೆಯುವುದು ನೆತ್ತಿಗೆ. ದೇವರಿಗೆ ಅಭಿಷೇಕ ಮಾಡುವುದು ನೆತ್ತಿಗೆ. ನನ್ನ ತಾತ ಸೋಮವಾರ ಸೋಮವಾರ ಲಿಂಗಕ್ಕೆ ನೀರೆರೆಯುತ್ತಿದ್ದರು, ಧಾರೆ ಕಡಿಯಬಾರದು ಎನ್ನುತ್ತಿದ್ದರು. ನನ್ನ ಕೈ ಅದೇ ಅಭ್ಯಾಸದಲ್ಲಿ ಹೋಯಿತು. ಒಂದೇ ಧಾರೆ, ನಡುನೆತ್ತಿಗೆ. ಹದಿನಾಲ್ಕು ಬಕೆಟ್. ದಾಸ್ತಾನಿನವನು, ಎಣಿಸಿಬಿಟ್ಟೆ.

ಈಗ ಎರಡನೇ ಪ್ರಶ್ನೆಗೆ ಬರುತ್ತೇನೆ. ಡಾಲ್ಫಿನ್ ಉಸಿರಾಡುವುದು ಎಲ್ಲಿಂದ? ನೆತ್ತಿಯ ಮೇಲೆ ಒಂದು ರಂಧ್ರವಿದೆ. ಅಲ್ಲಿಂದ. ಅದೊಂದೇ ದಾರಿ. ನಮ್ಮ ಹಾಗೆ ಬಾಯಿಂದಲೂ ಉಸಿರೆಳೆಯೋಣ ಎನ್ನುವ ಅನುಕೂಲ ಅದಕ್ಕಿಲ್ಲ. ಡಾಕ್ಟರ್ ನಿರ್ಮಲ ಅವರ ಮುಂದೆ ನಾನು ಹೆಮ್ಮೆಯಿಂದ ಬಕೆಟ್ಟಿನ ಕಥೆ ಹೇಳಿದ್ದೆ. ಅವರು ಪೆನ್ನು ಕೆಳಗಿಟ್ಟರು. "ಸರ್, ಆ ರಂಧ್ರ ಉಸಿರು ತಗೊಳ್ಳೋವಾಗ ಮಾತ್ರ ತೆರೆಯುತ್ತೆ. ಅದು ತೆರೆಯೋಕೆ ಆಗದ ಹಾಗೆ ನೀವು ನೋಡ್ಕೊಂಡಿದ್ದೀರಿ" ಎಂದರು. ಬಹಳ ಮೆತ್ತಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ಹಾಗಾದರೆ ಆ ಪ್ರಾಣಿಯನ್ನು ಉಳಿಸಿದವರು ಯಾರು? ಚೂರಿ ಹಿಡಿದಿದ್ದ ಆ ಮನುಷ್ಯ. ಅವನು... ಕ್ಷಮಿಸಿ, ಅವರು. ಅವರ ಹೆಸರು ವಿಲ್ಸನ್. ಅವರು ಕೊಯ್ಯುತ್ತಿದ್ದದ್ದು ಡಾಲ್ಫಿನ್ನನ್ನಲ್ಲ, ಬಲೆಯನ್ನು. ತಮ್ಮದೇ ಬಲೆಯನ್ನು. ಅದು ಅದರ ಕುತ್ತಿಗೆಗೂ ರೆಕ್ಕೆಗೂ ಸುತ್ತಿಕೊಂಡು ಬಿಗಿದಿತ್ತು. ನಾನು ನೀರು ಹೊಯ್ಯುತ್ತಿದ್ದಾಗ ಅವರು ತಲೆ ಎತ್ತಿ ಹೇಳಿದರು: "ಸಾರೇ, ಅವಿಡೆ ಒಳಿಕ್ಕಲ್ಲೇ. ಅದಿಂಡೆ ಶ್ವಾಸಂ ಅವಿಡೆಯಾ." ಅಲ್ಲಿ ಹೊಯ್ಯಬೇಡಿ, ಅದರ ಉಸಿರು ಅಲ್ಲೇ ಇರುವುದು ಎಂದು. ಮೂರು ಸಲ ಹೇಳಿದರು. ಮೋಹಿನಿ ಕೂಡ ಹಿಂದಿನಿಂದ, "ರೀ, ಅವ್ರು ಬೇಡ ಅಂತಿದಾರೆ, ಬನ್ನಿ ಈಚೆ" ಎಂದಳು. ಭಾಷೆ ತಿಳಿಯಲಿಲ್ಲ ಎಂದು ಹೇಳೋಣವೇ? ಇಪ್ಪತ್ತೊಂಬತ್ತು ವರ್ಷ ಇಲ್ಲಿದ್ದವನು ನಾನು. ಮಲಯಾಳದಲ್ಲಿ ಜಗಳವಾಡುತ್ತೇನೆ, ತಮಾಷೆ ಮಾಡುತ್ತೇನೆ, ಆಟೋದವರ ಹತ್ತಿರ ರಾಜಕೀಯ ಮಾತಾಡುತ್ತೇನೆ. ಪೂರ್ತಿ ತಿಳಿಯಿತು. ನಂಬಲಿಲ್ಲ, ಅಷ್ಟೇ. ಕೈಯಲ್ಲಿ ಚೂರಿ ಇದ್ದವನು ನನಗೆ ಬುದ್ಧಿ ಹೇಳುವುದೇ ಎಂದುಕೊಂಡೆ.

ಆಮೇಲೆ ಎಂಟು ಜನ ಸೇರಿ ಅದನ್ನು ಒಂದು ಟಾರ್ಪಾಲಿನ ಮೇಲೆ ಮಲಗಿಸಿ ಎತ್ತಿಕೊಂಡು ಎದೆಮಟ್ಟದ ನೀರಿಗೆ ಹೋದರು. ಹೋದವರು ಬಿಟ್ಟುಬಿಡಲಿಲ್ಲ. ಎರಡೂ ಕಡೆ ಕೈಕೊಟ್ಟು, ನೆತ್ತಿ ನೀರಿನ ಮೇಲಿರುವಂತೆ ಹಿಡಿದು ನಿಂತರು. ಅಲೆ ಬಂದು ಮುಖಕ್ಕೆ ಹೊಡೆದರೂ ನಿಂತರು. ಅದು ಬುಸ್ಸೆಂದು ಒಮ್ಮೆ ಉಸಿರು ಬಿಟ್ಟಿತು. ಇನ್ನೊಮ್ಮೆ. ಮತ್ತೊಮ್ಮೆ. ಆಮೇಲೆ ತಾನಾಗಿಯೇ ಈಜಿಹೋಯಿತು. ಪಟ್ಟಿಯಲ್ಲಿ ಒಂದು ಪ್ರಶ್ನೆ ಇದೆ: ಡಾಲ್ಫಿನ್‌ಗಳು ಒಂದಕ್ಕೊಂದು ಸಹಾಯ ಮಾಡುತ್ತವೆಯೇ? ಮಾಡುತ್ತವೆ. ಗುಂಪಿನಲ್ಲಿ ಒಂದು ನಿತ್ರಾಣವಾದರೆ ಉಳಿದವು ಅದರ ಕೆಳಗೆ ಬಂದು, ಉಸಿರೆಳೆಯಲು ಆಗುವಂತೆ ಮೇಲಕ್ಕೆ ಎತ್ತಿಹಿಡಿಯುವುದನ್ನು ಕಂಡವರಿದ್ದಾರೆ. ಪುಸ್ತಕದಲ್ಲಿ ಇದನ್ನು ಓದಿದಾಗ ನನಗೆ ಆ ಎಂಟು ಜನರ ನೆನಪಾಗಿ ಓದು ಮುಂದೆ ಹೋಗಲಿಲ್ಲ.

ನಾನು ಎಲ್ಲಿದ್ದೆ? ಮೊಣಕಾಲಮಟ್ಟದ ನೀರಿನಲ್ಲಿ. ಪ್ಯಾಂಟು ಮಡಚಿಕೊಂಡು, ಖಾಲಿ ಬಕೆಟ್ ಹಿಡಿದುಕೊಂಡು. ವಿಶ್ವಾಸ್ ಅವರ ಫೋನು ನನ್ನ ಕಡೆಗಿತ್ತು. ಅವರು ತೆಗೆದದ್ದು ಹನ್ನೊಂದು ನಿಮಿಷದ ವಿಡಿಯೋ. ನೀವು ನೋಡಿದ್ದು ನಲವತ್ತು ಸೆಕೆಂಡು. ಅದರಲ್ಲಿ ಮೊದಲು ಚೂರಿ, ಆಮೇಲೆ ನಾನು, ಆಮೇಲೆ ಕಡಲು. ವಿಶ್ವಾಸ್ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ವಯಸ್ಸಿನವರಿಗೆ ನಲವತ್ತು ಸೆಕೆಂಡೇ ದೀರ್ಘ. "ಅಂಕಲ್, ಲಕ್ಷ ದಾಟ್ತು! ನೀವು ಸ್ಟಾರ್!" ಎಂದು ಬಸ್ಸಿನಲ್ಲಿ ಕುಣಿದಾಡಿದರು. ನಾನೂ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದೆ. ಸಭಿಕರೇ, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಕಾಣುತ್ತಿದ್ದೆ.

ಅಂದು ಮಧ್ಯಾಹ್ನ ವಿಡಿಯೋ ನೋಡಿ ಅರಣ್ಯ ಇಲಾಖೆಯವರು ಫೋನು ಮಾಡಿದರು. ತಿರುವನಂತಪುರದಲ್ಲೇ ಪಟ್ಟಂನ ಒಂದು ಕಚೇರಿಗೆ ಬನ್ನಿ, ಹೇಳಿಕೆ ಕೊಡಿ ಎಂದರು. ಪಟ್ಟಿಯ ಎಂಟನೇ ಪ್ರಶ್ನೆ ಇಲ್ಲಿ ಬರುತ್ತದೆ: ಡಾಲ್ಫಿನ್‌ಗೆ ಕಾನೂನಿನ ರಕ್ಷಣೆ ಇದೆಯೇ? ಇದೆ. ಹುಲಿಗೆ ಇರುವಷ್ಟೇ ಇದೆ. ಕೊಲ್ಲುವುದು, ಹಿಡಿಯುವುದು ದೊಡ್ಡ ಅಪರಾಧ. ಕುಣಿಸಿ ತೋರಿಸುವ ಕೊಳಗಳಿಗೂ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಇದೆಲ್ಲ ಇರಲೇಬೇಕು. ಇಲ್ಲದಿದ್ದರೆ ನಮ್ಮ ವೈಪಿನ್ ದ್ವೀಪಕ್ಕೆ ದಾಟಿಸುವ ಜಂಗಾರು ದೋಣಿಯಲ್ಲಿ ನಿಂತಾಗ ಅಳಿವೆಯಲ್ಲಿ ಬೆನ್ನು ತೋರಿಸಿ ಮುಳುಗುವ ಆ ಡುಬ್ಬದ ಡಾಲ್ಫಿನ್‌ಗಳು ಇಷ್ಟಾದರೂ ಉಳಿಯುತ್ತಿದ್ದವೇ? ಕಾನೂನು ಒಳ್ಳೆಯದು. ಕಚೇರಿಯೂ ಒಳ್ಳೆಯದು, ಕುರ್ಚಿ ಕೊಟ್ಟು ಚಹಾ ತರಿಸಿದರು. ಅಧಿಕಾರಿ ಮಲಯಾಳದಲ್ಲಿ ಕೇಳಿದರು, ನಾನು ಮಲಯಾಳದಲ್ಲಿ ಹೇಳಿದೆ, ಅವರು ಮಲಯಾಳದಲ್ಲಿ ಬರೆದುಕೊಂಡರು. ಎರಡು ಹಾಳೆ. "ಓದಿ ನೋಡಿ ಸಹಿ ಮಾಡಿ ಸಾರ್" ಎಂದು ಮುಂದಿಟ್ಟರು.

ಇಲ್ಲಿ ನಾನೊಂದು ವಿಷಯ ಹೇಳಬೇಕು. ಇದನ್ನು ಮೊನ್ನೆ ಮೊನ್ನೆಯವರೆಗೆ ಮೋಹಿನಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ನನಗೆ ಮಲಯಾಳ ಓದಲು ಬರುವುದಿಲ್ಲ.

ಈ ಸಭೆಯಲ್ಲಿ ಕೆಲವರು ತಲೆ ತಗ್ಗಿಸಿದ್ದು ಕಾಣುತ್ತಿದೆ. ನಾನೊಬ್ಬನೇ ಅಲ್ಲ ಎಂದಾಯಿತು. ನಮ್ಮ ಕಚೇರಿಯ ಕಡತಗಳೆಲ್ಲ ಇಂಗ್ಲಿಷು. ಮೊದಲ ವರ್ಷ, ಹೇಗೂ ವರ್ಗವಾಗುತ್ತದೆ ಎಂದುಕೊಂಡು ಕಲಿಯಲಿಲ್ಲ. ಐದನೇ ವರ್ಷ, ಮಾತು ಬರುತ್ತದಲ್ಲ ಎಂದುಕೊಂಡೆ. ಹದಿನೈದು ವರ್ಷ ಆದ ಮೇಲೆ ಕಲಿಯಲು ನಾಚಿಕೆ. ಬಸ್ಸಿನ ಬೋರ್ಡು ಓದಲು ಬಾರದೆ, ಕಂಡಕ್ಟರ್ ಕೂಗುವವರೆಗೆ ಫೋನು ನೋಡುವ ಹಾಗೆ ನಟಿಸುತ್ತಾ ನಿಂತಿದ್ದೇನೆ. ಮದುವೆ ಕರೆಯೋಲೆ ಕೊಟ್ಟರೆ ಚಿತ್ರ ನೋಡಿ ಭೇಷ್ ಎಂದಿದ್ದೇನೆ. ಆ ಅಧಿಕಾರಿಯ ಎದುರಿಗೂ ಅದನ್ನೇ ಮಾಡಿದೆ. ಎರಡೂ ಹಾಳೆಯ ಮೇಲೆ ಕಣ್ಣಾಡಿಸಿದೆ. ನಡುವೆ ಒಂದು ಕಡೆ ನಿಲ್ಲಿಸಿ ತಲೆಯಾಡಿಸಿದೆ. ಆಮೇಲೆ ಮೂರು ಕಡೆ ಸಹಿ ಮಾಡಿ, ಕೆಳಗೆ ತಾರೀಖು ಹಾಕಿದೆ. ಇಪ್ಪತ್ತೊಂಬತ್ತು ವರ್ಷ, ಓದದೆ ಸಹಿ ಹಾಕಬೇಡಿ ಎಂದು ಕಿರಿಯರಿಗೆ ಉಪದೇಶ ಮಾಡಿದವನು ನಾನು.

ವಿಶ್ವಾಸ್ ಅವರು ಚೀಟಿ ಕಳಿಸಿದ್ದಾರೆ. ಸಮಯ ಮೀರುತ್ತಿದೆಯಂತೆ. ಗೊತ್ತು ವಿಶ್ವಾಸ್. ಮಂಗಳವಾರವೂ ಹತ್ತಿರ ಬರುತ್ತಿದೆ.

ಜನವರಿಯಲ್ಲಿ ನನಗೆ ಒಂದು ಲಕೋಟೆ ಬಂತು. ಒಳಗೆ ಒಂದು ನೋಟಿಸು, ಜೊತೆಗೆ ನನ್ನ ಹೇಳಿಕೆಯ ಪ್ರತಿ. ನೋಟಿಸಿನಲ್ಲಿ ತಾರೀಖು ಅಂಕಿಯಲ್ಲಿತ್ತು, ಅದು ತಿಳಿಯಿತು. ಉಳಿದದ್ದನ್ನು ಮೋಹಿನಿಯ ಫೋನಿನಲ್ಲಿ ಫೋಟೋ ತೆಗೆದು ಅನುವಾದ ಮಾಡಿಸಲು ನೋಡಿದೆ. ಕೈಬರಹ ನೋಡಿ ಆ ಫೋನಿಗೂ ನನ್ನ ಹಾಗೆಯೇ ಆಯಿತು. ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಆ ತಾರೀಖಿಗೆ ರೈಲು ಹತ್ತಿ ಪಟ್ಟಂಗೆ ಹೋದೆ. ಅಧಿಕಾರಿ ಇನ್ನೂ ಬಂದಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಒಬ್ಬರು ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಚಿದ ತಲೆ, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ದಿನಪತ್ರಿಕೆ. ಮರ್ಯಾದಸ್ಥರು, ಯಾವುದೋ ಶಾಲೆಯ ಮೇಷ್ಟರು ಇರಬೇಕು ಎನಿಸಿತು. ಗುರುತಿಲ್ಲದವರ ಎದುರು ನಾಚಿಕೆ ಕಡಿಮೆ ಅಲ್ಲವೇ? "ಚೇಟ್ಟಾ, ಕನ್ನಡಕ ಮರೆತು ಬಂದೆ, ಇದನ್ನು ಸ್ವಲ್ಪ ಓದಿ ಹೇಳುತ್ತೀರಾ?" ಎಂದು ಅವರ ಭಾಷೆಯಲ್ಲಿ ಕೇಳಿದೆ. ಕನ್ನಡಕ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅವರು ಜೇಬನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. ಹಾಳೆ ತೆಗೆದುಕೊಂಡರು.

ಓದಿದರು. ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ, ಪ್ರತಿ ಸಾಲಿಗೂ ನಿಲ್ಲಿಸಿ ಓದಿದರು. ನಾನು, ರಾಮದಾಸ, ಇಂಥ ಊರು, ಇಂಥ ಹುದ್ದೆಯಿಂದ ನಿವೃತ್ತ. "ಶರಿಯಲ್ಲೇ?" ಎಂದರು. ಸರಿ ಎಂದೆ. ಇಂಥ ದಿನ ಇಂಥ ಕಡಲತೀರದಲ್ಲಿ. "ಶರಿಯಲ್ಲೇ?" ಸರಿ. ಚೂರಿ ಹಿಡಿದ ಒಬ್ಬನು ಡಾಲ್ಫಿನ್ನನ್ನು ಕೊಲ್ಲಲು ಹೊರಟಿದ್ದನು. ಅವರು ನಿಲ್ಲಿಸಿದರು. "ಶರಿಯಲ್ಲೇ?" ಎಂದು ಈ ಸಲ ಕೇಳಲಿಲ್ಲ. ಮುಂದಕ್ಕೆ ಓದಿದರು. ನಾನು ತಡೆದಾಗ ಅವನು ನನ್ನನ್ನು ಬೆದರಿಸಿದನು. ನನ್ನ ಸ್ವಂತ ಪ್ರಾಣವನ್ನು ಲೆಕ್ಕಿಸದೆ ನಾನು ನೀರು ಹೊಯ್ದು ಅದನ್ನು ಬದುಕಿಸಿದೆನು. ಕೊನೆಯಲ್ಲಿ ಸಹಿ.

ಹಾಳೆ ಮಡಚಿ ನನ್ನ ಕೈಗಿಟ್ಟು ಅವರು ಒಂದೇ ಪ್ರಶ್ನೆ ಕೇಳಿದರು. "ಎಳುದಿಯದೊಕ್ಕೆ ಸಾರ್ ಪರಂಞದಾಣೋ?" ಬರೆದದ್ದೆಲ್ಲ ನೀವೇ ಹೇಳಿದ್ದೋ ಎಂದು. ಅಷ್ಟರಲ್ಲಿ ಜವಾನ ಹೊರಗೆ ಬಂದು, ಅಧಿಕಾರಿಗಳು ಇಂದು ರಜೆ, ಮುಂದಿನ ತಾರೀಖು ಬರೆದುಕೊಳ್ಳಿ ಎಂದು ಕೂಗಿದ. ಹೆಸರು ಕರೆದ. "ವಿಲ್ಸನ್." ನನ್ನ ಪಕ್ಕದಲ್ಲಿದ್ದವರು ಎದ್ದು ನಿಂತರು.

ನಾನು ಯಾಕೆ ಗುರುತಿಸಲಿಲ್ಲ? ಎಷ್ಟೋ ದಿನ ಇದನ್ನೇ ಕೇಳಿಕೊಂಡೆ. ಕಡಲತೀರದಲ್ಲಿ ನಾನು ಅವರ ಮುಖವನ್ನು ನೋಡಿಯೇ ಇರಲಿಲ್ಲ. ಚೂರಿಯನ್ನು ಮಾತ್ರ ನೋಡಿದ್ದೆ. ಅವರು ಮೊದಲ ಸಾಲಿನಲ್ಲೇ ನನ್ನ ಹೆಸರು ಓದಿದ್ದರು. ತಮ್ಮ ಮೇಲಿನ ಆರೋಪವನ್ನು, ಆರೋಪ ಮಾಡಿದವನಿಗೆ, ಎರಡು ಹಾಳೆ ಪೂರ್ತಿ, ಒಂದಕ್ಷರ ಬಿಡದೆ ಓದಿ ಹೇಳಿದರು. ನಾನು ಏನು ಮಾಡಿದೆ? ಅವರ ಪ್ರಶ್ನೆಗೆ "ಓರ್ಮಯಿಲ್ಲ" ಎಂದೆ. ನೆನಪಿಲ್ಲ ಎಂದೆ. ಮೆಟ್ಟಿಲಿಳಿದು ಸಿಕ್ಕಿದ ಆಟೋ ಹತ್ತಿದೆ.

ಬಹಳ ದಿನ ನನಗೆ ಒಂದು ಸಮಾಧಾನವಿತ್ತು. ಅಧಿಕಾರಿ ತಮ್ಮಿಷ್ಟದಂತೆ ಬರೆದುಕೊಂಡಿದ್ದಾರೆ, ಓದಲು ಬಂದಿದ್ದರೆ ತಿದ್ದಿಸುತ್ತಿದ್ದೆ ಎಂಬ ಸಮಾಧಾನ. ಆದರೆ "ಸ್ವಂತ ಪ್ರಾಣವನ್ನು ಲೆಕ್ಕಿಸದೆ" ಎಂದು ಯಾವ ಅಧಿಕಾರಿ ತಾನಾಗಿ ಬರೆಯುತ್ತಾನೆ, ಹೇಳಿ? ಅದು ಭಾಷಣದ ಮಾತು. ಅದು ನನ್ನ ಮಾತು. ನಾನು ಹೇಳಿದ್ದೇ ಅಲ್ಲಿತ್ತು. ಲಕ್ಷ ಜನ ನೋಡಿದ ವಿಡಿಯೋದ ಅಮಲಿನಲ್ಲಿ, ಚಹಾ ಕುಡಿಯುತ್ತಾ, ನಾನೇ ಹೇಳಿದ್ದೆ. ಓದಲು ಬಂದಿದ್ದರೂ ಅಂದು ನಾನು ಒಂದಕ್ಷರ ತಿದ್ದುತ್ತಿರಲಿಲ್ಲ.

ಆ ಬಲೆ, ದೋಣಿ ಒಂಬತ್ತು ವಾರಗಳಿಂದ ಸೀಲಾಗಿ ಬಿದ್ದಿವೆ. ಮೂರು ಮನೆಯವರು ಕಡಲಿಗೆ ಹೋಗಿಲ್ಲ. ಬರುವ ಮಂಗಳವಾರ ಅದೇ ಕಚೇರಿಯಲ್ಲಿ ವಿಚಾರಣೆ. ನಾನು ಮೊದಲ ಸಾಕ್ಷಿ. ನಾನು ಹೇಳಿದ್ದನ್ನೇ ಹೇಳಿದರೆ ವಿಲ್ಸನ್ ಮೇಲೆ ಮೊಕದ್ದಮೆ ಗಟ್ಟಿಯಾಗುತ್ತದೆ, ಜೈಲಾದರೂ ಆಗಬಹುದು. ಬದಲಾಯಿಸಿದರೆ ನಾನು ಸುಳ್ಳು ಹೇಳಿಕೆ ಕೊಟ್ಟವನು. ನನಗೇನಾಗುತ್ತದೋ ಗೊತ್ತಿಲ್ಲ. ಈ ವಿಷಯವನ್ನು ವಿಶ್ವಾಸ್ ಅವರಲ್ಲಿ ಹೇಳಿದೆ. "ಅಂಕಲ್, ಈಗ ಉಲ್ಟಾ ಹೊಡೆದ್ರೆ ನಮ್ ಬಳಗದ ಹೆಸ್ರು ಏನಾಗತ್ತೆ? ಫಂಕ್ಷನ್ ಆಗ್ಲಿ, ಆಮೇಲೆ ನೋಡೋಣ" ಎಂದರು. ಅದೂ ಸರಿ ಎನಿಸಿತು. ಡಾಕ್ಟರ್ ನಿರ್ಮಲ ಅವರಲ್ಲಿ ಹೇಳಿದೆ. ಅವರು, "ಈ ಕೇಸಿನಲ್ಲಿ ಅವರಿಗೆ ಶಿಕ್ಷೆಯಾದ್ರೆ, ಇನ್ಮೇಲೆ ಬಲೆಗೆ ಡಾಲ್ಫಿನ್ ಬಿದ್ದಾಗ ಯಾರೂ ಬಲೆ ಕತ್ತರಿಸೋಲ್ಲ ಸರ್. ಸದ್ದಿಲ್ಲದೆ ಸಾಯೋಕೆ ಬಿಡ್ತಾರೆ" ಎಂದರು. ಅದೂ ಸರಿ ಎನಿಸಿತು. ಎರಡೂ ಸರಿ ಎನಿಸಿದಾಗ ಮನುಷ್ಯ ಏನು ಮಾಡಬೇಕು? ನಾನು ಇವತ್ತು ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಶಾಲು ಹೊದೆಯಲು ಬಂದೆ.

ಪಟ್ಟಿಯ ಕೊನೆಯ ಪ್ರಶ್ನೆ, ಅಂದು ಬಿಟ್ಟ ಡಾಲ್ಫಿನ್ ಈಗ ಬದುಕಿದೆಯೇ? ಗೊತ್ತಿಲ್ಲ. ಹದಿನಾಲ್ಕು ಬಕೆಟ್‌ನಲ್ಲಿ ಎಷ್ಟು ನೀರು ಒಳಗೆ ಹೋಯಿತೋ ಗೊತ್ತಿಲ್ಲ. ದಡದಿಂದ ದೂರ ಹೋಗಿ ಸತ್ತಿದ್ದರೆ ನಮಗೆ ತಿಳಿಯುವುದೇ ಇಲ್ಲ. ಬದುಕಿದ್ದರೆ ನಮಗೆ ಹೇಳಲು ಅದು ಬರುವುದಿಲ್ಲ. ಈ ವಿಷಯದಲ್ಲಿ ನನ್ನ ಗೊಂದಲ ಸಾಯುವ ತನಕ ಇರುತ್ತದೆ. ಇರಲಿ, ಅದು ನನಗಿರಬೇಕಾದದ್ದೇ. ಆದರೆ ವಿಲ್ಸನ್ ವಿಷಯದಲ್ಲಿ ಗೊಂದಲಕ್ಕೆ ಏನಿದೆ? ಅವರು ಕೊಂದರೋ ಉಳಿಸಿದರೋ ಎಂದು ನಮ್ಮ ನಲವತ್ತೆರಡು ಜನಕ್ಕೂ ಗೊತ್ತಿದೆ. ಎಲ್ಲರೂ ತಿಂಡಿ ಡಬ್ಬಿ ಹಿಡಿದು ನೋಡುತ್ತಾ ನಿಂತಿದ್ದೆವು. ನಮ್ಮಲ್ಲಿ ಒಬ್ಬರಾದರೂ ಬಾಯಿ ಬಿಟ್ಟೆವೇ?

ಆದ್ದರಿಂದ ನಾನೊಂದು ಹೊಸ ಹೇಳಿಕೆ ಬರೆದುಕೊಂಡು ಬಂದಿದ್ದೇನೆ. ಭಾಷೆ ಮಲಯಾಳ, ಅಕ್ಷರ ಕನ್ನಡ. ನಾನು ಸಹಿ ಮಾಡುವುದನ್ನು ನಾನೇ ಓದಬೇಕಲ್ಲ. ಕೆಳಗೆ ಡಾಕ್ಟರ್ ನಿರ್ಮಲ ಅವರು ಅದನ್ನೇ ಮಲಯಾಳ ಅಕ್ಷರದಲ್ಲಿ ಬರೆದುಕೊಟ್ಟಿದ್ದಾರೆ. ಅದರ ಕನ್ನಡ ಇಷ್ಟು: ನಾನು ಮೊದಲು ಕೊಟ್ಟ ಹೇಳಿಕೆ ತಪ್ಪು. ಅದನ್ನು ಯಾರೂ ನನ್ನ ಬಾಯಿಂದ ಬಲವಂತವಾಗಿ ಹೇಳಿಸಿದ್ದಲ್ಲ. ವಿಲ್ಸನ್ ಅವರು ಚೂರಿಯಿಂದ ಕತ್ತರಿಸಿದ್ದು ತಮ್ಮ ಬಲೆಯನ್ನು. ಅವರು ನನ್ನನ್ನು ಬೆದರಿಸಲಿಲ್ಲ, ಎಚ್ಚರಿಸಿದರು. ನಾನು ನೀರು ಹೊಯ್ದೆ. ಅವರು ಬದುಕಿಸಿದರು.

ಕೆಳಗೆ ನನ್ನ ಸಹಿ ಇದೆ. ಅದರ ಕೆಳಗೆ ನಲವತ್ತೊಂದು ಗೆರೆ ಖಾಲಿ ಬಿಟ್ಟಿದ್ದೇನೆ. ಹಾಳೆಯನ್ನು ಬಾಗಿಲ ಬಳಿ, ಊಟದ ಕೂಪನ್ ಕೊಡುವ ಮೇಜಿನ ಮೇಲೆ ಇಡಿಸಿದ್ದೇನೆ. ಓದಿ, ನೀವು ಕಣ್ಣಾರೆ ಕಂಡದ್ದು ಇದೇ ಆಗಿದ್ದರೆ ಸಹಿ ಮಾಡಿ. ಸಹಿ ಮಾಡದವರಿಗೂ ಊಟ ಇದ್ದೇ ಇದೆ. ವಿಶ್ವಾಸ್, ನಿಮ್ಮ ಹನ್ನೊಂದು ನಿಮಿಷದ ವಿಡಿಯೋ ಮಂಗಳವಾರ ನನಗೆ ಬೇಕು, ಪೂರ್ತಿ ಬೇಕು. ಅದರಲ್ಲಿ ವಿಲ್ಸನ್ ದನಿ ಇದೆ. ಕೊಡುತ್ತೀರೋ ಇಲ್ಲವೋ ನನಗೆ ತಿಳಿಯದು. ಕೊಡದಿದ್ದರೂ ನಾನು ಹೋಗಿ ಆ ಬೆಂಚಿನಲ್ಲಿ ಅವರ ಪಕ್ಕವೇ ಕೂರುತ್ತೇನೆ.

ಜಲಜಾ ಮೇಡಂ, ಈ ಶಾಲನ್ನು ಮಡಚಿ ಇಲ್ಲಿ ಮೇಜಿನ ಮೇಲಿಡುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ. ನೀವು ಪ್ರೀತಿಯಿಂದ ಹೊದಿಸಿದ್ದು, ಗೊತ್ತು. ಬಳಗಕ್ಕೆ ನನ್ನಿಂದ ಮುಜುಗರವಾಗಿದ್ದರೆ ಕ್ಷಮೆ ಕೇಳುತ್ತೇನೆ. ಪ್ರಶ್ನೆ ಕೇಳಿದ ಎಲ್ಲರಿಗೂ, ನನಗೆ ಉತ್ತರ ಕಲಿಸಿದ ಡಾಕ್ಟರ್ ನಿರ್ಮಲ ಅವರಿಗೆ, ಮೈಕು ಆರಿಸದೆ ಇಷ್ಟು ಹೊತ್ತು ತಾಳಿಕೊಂಡ ವಿಶ್ವಾಸ್ ಅವರಿಗೆ ನನ್ನ ಧನ್ಯವಾದಗಳು.

ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ಎದ್ದು ನಿಂತಿದ್ದಾಳೆ. ಈ ಹಾಳೆಯ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ಸಿಟ್ಟಿನಿಂದ ಹೊರಗೆ ಹೊರಟಿದ್ದಾಳೋ, ಊಟಕ್ಕೆ ಹೊರಟಿದ್ದಾಳೋ, ಮೂವತ್ತೊಂದು ವರ್ಷ ಸಂಸಾರ ಮಾಡಿದರೂ ಅವಳ ಬೆನ್ನು ನೋಡಿ ನನಗೆ ತಿಳಿಯುವುದಿಲ್ಲ. ಬಾಗಿಲವರೆಗೆ ಹೋದಳು. ಮೇಜಿನ ಹತ್ತಿರ ನಿಂತಳು. ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಾಳೆ.

ಪೆನ್ನು ಅಲ್ಲೇ ಹಾಳೆಯ ಕೆಳಗಿದೆ ನೋಡು, ಮೋಹಿನಿ.

ನಮಸ್ಕಾರ.